ಲೇಲ್ಯಾಂಡ್ ಲಾರಿ ತನ್ನ ತವರಲ್ಲೇ ಯಾಕೆ ಮುಳುಗಿತು?

ಸಿರಾ ಟೋಲ್
ನಮ್ಮ ಅಶೋಕ್ ಲೇಲ್ಯಾಂಡ್ ಇವತ್ತಿಗೂ ಗಟ್ಟಿಯಾಗಿದೆ. ಹೈವೇಗೆ ಹೋಗಿ ನಿಂತರೆ ಸಾಕು, ಅದು ಇಲ್ಲದ ಐದು ನಿಮಿಷ ಸಿಗುವುದಿಲ್ಲ. ಆದರೆ ಅದಕ್ಕೆ ಹೆಸರು ಕೊಟ್ಟ ಇಂಗ್ಲೆಂಡಿನ ಲೇಲ್ಯಾಂಡ್ ಏನಾಯಿತು? 1960ರ ದಶಕದಲ್ಲಿ ಅದು ಜಗತ್ತಿನ ದೊಡ್ಡ ಲಾರಿ-ಬಸ್ ಕಂಪನಿಗಳಲ್ಲಿ ಒಂದು. ಇಪ್ಪತ್ತು ವರ್ಷ ಕಳೆಯುವುದರೊಳಗೆ ವೋಲ್ವೋ, ಸ್ಕಾನಿಯಾ, ಮರ್ಸಿಡಿಸ್, ಡಾಫ್ ಎಲ್ಲ ಬಂದು ಅದರ ಮನೆಯಂಗಳದಲ್ಲೇ ಅದನ್ನು ಹಿಂದೆ ಹಾಕಿದವು. 1987ರಲ್ಲಿ ಲಾರಿ ಭಾಗ ಡಚ್ಚರ ಡಾಫ್ ಕೈಗೆ ಹೋಯಿತು. ಯೂನಿಯನ್‌ನವರು ಹಾಳು ಮಾಡಿದರು ಅಂತ ಕೆಲವರು, ಸರ್ಕಾರ ಹಾಳು ಮಾಡಿತು ಅಂತ ಕೆಲವರು. ನನಗೆ ಎರಡೂ ಅರ್ಧ ಉತ್ತರ ಅನ್ನಿಸುತ್ತದೆ. ಗೊತ್ತಿರುವವರು ಬಿಡಿಸಿ ಹೇಳಿ.

ಖಾಸಗಿ ಕಲ್ಲೇಶ
ಸರ್ಕಾರ ಕೈ ಹಾಕಿತು, ಕಂಪನಿ ಮುಗಿಯಿತು. ಇದಕ್ಕೊಂದು ಚರ್ಚೆ ಬೇಕಾ?

ಪ್ರೆಸ್ಟನ್ ಪಡಸಾಲೆ
ಬೇಕು ಕಲ್ಲೇಶ್, ಯಾಕೆಂದರೆ ನಿಮ್ಮ ಲೆಕ್ಕದಲ್ಲಿ ಇಸವಿ ಹಿಂದೆಮುಂದಾಗಿದೆ. ಸರ್ಕಾರ ಕಂಪನಿಯನ್ನು ತನ್ನ ಕೈಗೆ ತಗೊಂಡಿದ್ದು 1975ರಲ್ಲಿ, ಸರ್ಕಾರವೇ ಮಾಡಿಸಿದ ರೈಡರ್ ತನಿಖಾ ವರದಿ ಬಂದ ಮೇಲೆ. ಕಾಯಿಲೆ ಅದಕ್ಕಿಂತ ಹಳೆಯದು.

ನಾನಿರುವುದು ಲೇಲ್ಯಾಂಡ್ ಊರಿಗೆ ಹತ್ತಿರ. ಹೌದು, ಲೇಲ್ಯಾಂಡ್ ಅನ್ನುವುದು ಲ್ಯಾಂಕಶೈರಿನ ಒಂದು ಊರು. 1896ರಲ್ಲಿ ಇಲ್ಲಿ ಹಬೆ ಬಂಡಿ ಮಾಡುವ ಕಂಪನಿ ಶುರುವಾಯಿತು, 1907ರಲ್ಲಿ ಅದಕ್ಕೆ ಊರಿನ ಹೆಸರೇ ಬಂತು. ಯುದ್ಧ ಮುಗಿದ ಮೇಲೆ ಕೈಯಲ್ಲಿ ಕಾಸಿತ್ತು, ಒಂದೊಂದೇ ಕಂಪನಿ ಕೊಳ್ಳುತ್ತಾ ಹೋದರು. 1951ರಲ್ಲಿ ಆಲ್ಬಿಯನ್, 1955ರಲ್ಲಿ ಸ್ಕ್ಯಾಮೆಲ್, 1962ರಲ್ಲಿ ಎಇಸಿ. ಅಲ್ಲಿಯವರೆಗೆ ಸರಿ, ಎಲ್ಲವೂ ಲಾರಿ-ಬಸ್ಸಿನವರೇ. ಇದರ ನಡುವೆಯೇ ಕಾರಿನ ಹುಚ್ಚು ಹಿಡಿಯಿತು. 1961ರಲ್ಲಿ ಸ್ಟ್ಯಾಂಡರ್ಡ್-ಟ್ರಯಂಫ್, 1967ರಲ್ಲಿ ರೋವರ್. 1968ರಲ್ಲಿ ಆಸ್ಟಿನ್, ಮಾರಿಸ್, ಜಾಗ್ವಾರ್ ಎಲ್ಲ ಇದ್ದ ಬ್ರಿಟಿಷ್ ಮೋಟಾರ್ ಹೋಲ್ಡಿಂಗ್ಸ್ ಜೊತೆ ಸೇರಿ ಬ್ರಿಟಿಷ್ ಲೇಲ್ಯಾಂಡ್ ಆಯಿತು. ಪ್ರಧಾನಿ ವಿಲ್ಸನ್ ಸರ್ಕಾರ ಈ ಮದುವೆಗೆ ಮುಂದೆ ನಿಂತು ಓಡಾಡಿತು, ಅದನ್ನು ಒಪ್ಪುತ್ತೇನೆ. ಆದರೆ ತಾಳಿ ಕಟ್ಟಿದ್ದು ಲೇಲ್ಯಾಂಡ್ ಮುಖ್ಯಸ್ಥ ಡೊನಾಲ್ಡ್ ಸ್ಟೋಕ್ಸ್.

ಲಾರಿ ಭಾಗ ಆಗ ಲಾಭದಲ್ಲಿತ್ತು. ಕಾರು ಭಾಗ ದುಡ್ಡು ನುಂಗುತ್ತಿತ್ತು. ಲಾರಿ ದುಡಿದದ್ದು ಕಾರಿಗೆ ಹೋಯಿತು. ಹೊಸ ಎಂಜಿನ್, ಹೊಸ ಕ್ಯಾಬಿನ್‌ಗೆ ಖರ್ಚು ಮಾಡಬೇಕಾದ ವರ್ಷಗಳಲ್ಲೇ ಇವರ ಕೈ ಖಾಲಿ. ನನ್ನ ಪ್ರಕಾರ ಮುಖ್ಯ ಕಾರಣ ಇದು.

ಖಾಸಗಿ ಕಲ್ಲೇಶ
ಅಂದ್ರೆ ಸರ್ಕಾರವೇ ಮದುವೆ ಮಾಡಿಸಿದ್ದು. ನಾನು ಹೇಳಿದ್ದೂ ಅದನ್ನೇ ಅಲ್ವಾ?

ಡಿಪೋ ರಾಯರು
ಇಬ್ಬರೂ ಬ್ಯಾಲೆನ್ಸ್ ಶೀಟ್ ಓದುತ್ತಿದ್ದೀರಿ. ಬಾನೆಟ್ ಎತ್ತಿ ನೋಡಿ ಸ್ವಾಮಿ.

ಲೇಲ್ಯಾಂಡ್ ಹತ್ತಿರ ಓ 600, ಓ 680 ಅಂತ ಎರಡು ಎಂಜಿನ್ ಇದ್ದವು. 680 ಅಂದರೆ 11.1 ಲೀಟರ್. ಕಬ್ಬಿಣದ ಗುಂಡು. ಲಂಡನ್ನಿಂದ ಆಸ್ಟ್ರೇಲಿಯಾವರೆಗೆ ಓಡಿದೆ. ಅದನ್ನೇ ತಿದ್ದುತ್ತಾ ಹೋಗಿದ್ದರೆ ಸಾಕಿತ್ತು. ಇವರಿಗೆ ಒಂದೇ ಸಲಕ್ಕೆ ಎಲ್ಲರನ್ನೂ ದಾಟಿ ಹಾರುವ ಆಸೆ. ಒಂದೇ ಹೊತ್ತಿಗೆ ಮೂರು ಕಡೆ ಕೈ ಹಾಕಿದರು.

ಮೊದಲನೆಯದು 500 ಎಂಜಿನ್. 500 ಘನ ಇಂಚು, ನಮ್ಮ ಲೆಕ್ಕದಲ್ಲಿ 8.2 ಲೀಟರ್. ಬ್ಲಾಕ್ ಮತ್ತು ಹೆಡ್ ಒಂದೇ ಎರಕ. ಎರಡರ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ಟೇ ಇಲ್ಲ. ಇಲ್ಲದ ಗ್ಯಾಸ್ಕೆಟ್ ಹೊಡೆದುಹೋಗುವ ಮಾತೇ ಇಲ್ಲ, ಡ್ರಾಯಿಂಗ್ ಬೋರ್ಡ್ ಮೇಲೆ ಬಹಳ ಚೆಂದ. ಆದರೆ ವಾಲ್ವ್ ಕೆಲಸ ಬಂದರೆ? ಮೇಲಿಂದ ಹೆಡ್ ಬಿಚ್ಚುವ ಹಾಗಿಲ್ಲ. ಸಂಪ್ ಇಳಿಸಿ, ಕ್ರ್ಯಾಂಕ್ ಇಳಿಸಿ, ಪಿಸ್ಟನ್ ಎಳೆದು ಕೆಳಗಿನಿಂದ ಕೈ ಹಾಕಬೇಕು. ಎಂಜಿನ್ ಹೊರಗೆ ತೆಗೆಯದೆ ಅದು ಆಗುವ ಕೆಲಸವಲ್ಲ. ಮೂಲೆಯ ಗ್ಯಾರೇಜಿನವನು ಇದನ್ನು ಮಾಡುತ್ತಾನಾ? ಜೊತೆಗೆ ಹೊಗೆ, ಸದ್ದು. ಹತ್ತು ವರ್ಷ ಎಳೆದಾಡಿ ಕೈ ಬಿಟ್ಟರು.

ಎರಡನೆಯದು ಎಇಸಿಯವರ ವಿ8. ಪೂರ್ತಿ ಪಳಗುವ ಮೊದಲೇ ಗಿರಾಕಿಗೆ ಮಾರಿದರು. ಬೇರಿಂಗ್ ಹೋಗುತ್ತಿತ್ತು. ಮೂರನೆಯದು ಕೇಳಿದರೆ ನಗಬೇಡಿ, ಗ್ಯಾಸ್ ಟರ್ಬೈನ್ ಲಾರಿ! ವಿಮಾನದ ಥರ. 1968ರ ಪ್ರದರ್ಶನದಲ್ಲಿ ತಂದು ನಿಲ್ಲಿಸಿದರು. ಅದು ಕುಡಿಯುವ ಎಣ್ಣೆಗೆ ಮಾಲೀಕ ಮನೆ ಮಾರಬೇಕಿತ್ತು.

ಕಡೆಗೆ 1980ರಲ್ಲಿ ಹೊಸ ಲಾರಿ ಬಂದಾಗ ಅದಕ್ಕೆ ಹಾಕಿದ ಎಂಜಿನ್‌ಗಳಲ್ಲಿ ಒಂದು ಯಾವುದು? ಟಿಎಲ್11. ಅಂದರೆ ಅದೇ ಹಳೆಯ 680, ಟರ್ಬೋ ಹಾಕಿ ತಿದ್ದಿದ್ದು. ಎಲ್ಲ ಸುತ್ತಿ ಅಲ್ಲಿಗೇ ಬಂದರು. ನಡುವೆ ಹನ್ನೆರಡು ವರ್ಷ ಹೋಯಿತು.

ಸುಮ್ನೆ ಓದುವವ
ರಾಯರೇ, ಇದನ್ನು ಓದಿ ಟೀ ಆರಿಹೋಯಿತು. ಮುಂದುವರಿಸಿ.

ಚಳ್ಳಕೆರೆ ಚಾಸಿ
ನಮ್ಮದು ಲಾರಿ ಮನೆತನ, ಅಪ್ಪನ ಕಾಲದಿಂದ. ಮಾಲೀಕನ ಕಡೆಯಿಂದ ಒಂದು ಮಾತು ಹೇಳುತ್ತೇನೆ. ಲಾರಿಯನ್ನು ಯಾರೂ ಪ್ರೀತಿಗೆ ಕೊಳ್ಳುವುದಿಲ್ಲ. ನಿಂತ ಲಾರಿಗೆ ಕಂತು ನಿಲ್ಲುವುದಿಲ್ಲ, ಇದೊಂದೇ ಲೆಕ್ಕ. ನಾವು ಒಂದು ಸಲ ಒಂದು ಕಂಪನಿಯ ಗಾಡಿ ತಗೊಂಡು, ಸಣ್ಣದೊಂದು ಪಾರ್ಟ್ ಬರದೆ ಸೀಸನ್ ಪೂರ್ತಿ ಶೆಡ್ಡಿನಲ್ಲಿ ನಿಲ್ಲಿಸಿದ್ದೆವು. ಗಾಡಿ ಒಳ್ಳೆಯದೇ. ಆದರೂ ಆಮೇಲೆ ಆ ಕಂಪನಿ ಕಡೆ ತಲೆ ಹಾಕಲಿಲ್ಲ. ಇಂಗ್ಲೆಂಡಿನ ಮಾಲೀಕರೂ ಹೀಗೇ ಯೋಚನೆ ಮಾಡಿರುತ್ತಾರೆ. ಸ್ವೀಡನ್‌ನವರು ಬಂದಾಗ ಪಾರ್ಟ್ಸ್, ಸರ್ವಿಸ್ ಹೇಗಿತ್ತು? ಪ್ರೆಸ್ಟನ್ ಅಣ್ಣ, ಅದನ್ನು ಹೇಳಿ.

ಪ್ರೆಸ್ಟನ್ ಪಡಸಾಲೆ
ಸರಿಯಾದ ಜಾಗಕ್ಕೆ ಕೈ ಇಟ್ಟಿರಿ. ವೋಲ್ವೋ ಬ್ರಿಟನ್‌ಗೆ ಬಂದದ್ದು 1967ರಲ್ಲಿ. ಸ್ಕಾಟ್ಲೆಂಡಿನ ಐಲ್ಸಾ ಟ್ರಕ್ಸ್ ಅನ್ನುವವರು ಎಫ್88 ಲಾರಿ ತರಿಸಿದರು. ಬೆಲೆ ಜಾಸ್ತಿ. ಆದರೂ ಹೋಯಿತು. ಯಾಕೆಂದರೆ ಆಗ ಬ್ರಿಟಿಷ್ ಲಾರಿ ಬೇಕೆಂದರೆ ಕಾಯಬೇಕಿತ್ತು. ಹಲವು ಬ್ರಿಟಿಷ್ ಲಾರಿಗಳಿಗೆ ಹಾಕುತ್ತಿದ್ದ ಗಾರ್ಡ್ನರ್ ಎಂಜಿನ್‌ಗಂತೂ ದೊಡ್ಡ ಕ್ಯೂ. ವೋಲ್ವೋ, ಸ್ಕಾನಿಯಾದವರು ಬೇಗ ಗಾಡಿ ಕೊಟ್ಟರು, ಮೊದಲು ಡೀಲರ್ ಮತ್ತು ಪಾರ್ಟ್ಸ್ ಜಾಲ ಹರಡಿ ಆಮೇಲೆ ಮಾರಾಟ ಹೆಚ್ಚಿಸಿದರು.

ಇನ್ನೊಂದು, ಡ್ರೈವರ್ ಸೀಟು. ಎಫ್88ರಲ್ಲಿ ಮಲಗುವ ಕ್ಯಾಬಿನ್, ಕೆಲಸ ಮಾಡುವ ಹೀಟರ್, ಒಳ್ಳೆಯ ಸೀಟು, ಎಲ್ಲಕ್ಕಿಂತ ಮುಖ್ಯ, ಸಲೀಸಾಗಿ ಬೀಳುವ ಸಿಂಕ್ರೋಮೆಶ್ ಗೇರ್. ಬ್ರಿಟಿಷ್ ಲಾರಿ ಡ್ರೈವರ್‌ಗಳು ಇನ್ನೂ ಡಬಲ್ ಕ್ಲಚ್, ಅಂದರೆ ಪ್ರತಿ ಗೇರ್‌ಗೂ ಎರಡೆರಡು ಸಲ ಕ್ಲಚ್ ತುಳಿಯುತ್ತಿದ್ದರು. ಚಳಿಗಾಲದಲ್ಲಿ ಕೋಟು ಹಾಕಿಕೊಂಡೇ ಓಡಿಸುತ್ತಿದ್ದರು. 70ರ ದಶಕದಲ್ಲಿ ಇಂಗ್ಲೆಂಡಿನಿಂದ ಟೆಹರಾನ್, ಕೊಲ್ಲಿ ದೇಶಗಳವರೆಗೆ ರಸ್ತೆಯಲ್ಲೇ ಲೋಡ್ ಹೋಗುತ್ತಿತ್ತು. ವಾರಗಟ್ಟಲೆ ಕ್ಯಾಬಿನ್ನಲ್ಲೇ ಇರುವವನಿಗೆ ಯಾವ ಗಾಡಿ ಬೇಕು ಹೇಳಿ.

ಎತ್ತಿನಗಾಡಿ 2.0
ಹೀಟರ್ ಇಲ್ಲದ್ದಕ್ಕೆ ಕಂಪನಿ ಮುಳುಗಿತು ಅಂದರೆ ಯಾರಾದ್ರೂ ನಂಬ್ತಾರಾ?

ಚಳ್ಳಕೆರೆ ಚಾಸಿ
ನಂಬಬೇಕು ಗುರು. ಒಳ್ಳೆಯ ಡ್ರೈವರ್ ಸಿಗುವುದು ಕಷ್ಟ. "ಆ ಗಾಡಿ ಕೊಟ್ಟರೆ ಮಾತ್ರ ಬರ್ತೀನಿ" ಅಂತ ಡ್ರೈವರ್ ಕೂತರೆ ಮಾಲೀಕ ಬಗ್ಗಲೇಬೇಕು. ನಮ್ಮಲ್ಲಿ ಆ ಕಾಲ ಈಗ ಬರ್ತಾ ಇದೆ.

ಡಿಪೋ ರಾಯರು
ನಮ್ಮಲ್ಲಿ ಮೊನ್ನೆ ಮೊನ್ನೆವರೆಗೆ ಬರೀ ಚಾಸಿ ಕೊಂಡು, ನಾಮಕ್ಕಲ್‌ಗೋ ಸಂಕಗಿರಿಗೋ ಒಯ್ದು ಮರದ ಕ್ಯಾಬಿನ್ ಕಟ್ಟಿಸುತ್ತಿದ್ದರು. ಎಂಜಿನ್ ಬಿಸಿ ಸೀದಾ ಕಾಲಿಗೆ. ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಆದದ್ದೇ 2025ರ ಅಕ್ಟೋಬರ್‌ನಿಂದ. ಅದಕ್ಕೇ ನಮ್ಮ ಲೇಲ್ಯಾಂಡ್ ಬದುಕಿತು ಅಂತ ನನ್ನ ಅನುಮಾನ. ಇಲ್ಲಿ ಡ್ರೈವರ್ ಮಾತು ಯಾರೂ ಕೇಳಲಿಲ್ಲ!

ಮಲೆನಾಡ ಮಾಣಿ
ರಾಯರು ಹೇಳಿದ 500 ಎಂಜಿನ್ ನಮ್ಮ ಬಸ್ಸುಗಳಲ್ಲಿ ಇತ್ತಾ ಮಾರಾಯ್ರೆ? ಆಗುಂಬೆ ಘಾಟಿಯಲ್ಲಿ ಹಳೆ ಬಸ್ಸು ಹತ್ತುವಾಗಿನ ಸದ್ದು ನೆನಪಾಯಿತು.

ಡಿಪೋ ರಾಯರು
ಇಲ್ಲ ಮಾಣಿ. ನಮ್ಮ ಕೈಗೆ ಬಂದದ್ದು ಕಾಮೆಟ್ ವಂಶ. 370, ಆಮೇಲೆ 400. ಹೆಡ್ ಬೇರೆ, ಬ್ಲಾಕ್ ಬೇರೆ, ರಾತ್ರಿ ಲೈಟ್ ಹೋದರೂ ಕೈ ತಡವಿ ಬಿಚ್ಚಬಹುದಾದ ಎಂಜಿನ್. ಇಂಗ್ಲೆಂಡಿನ ಲೇಲ್ಯಾಂಡ್ ನ್ಯಾಷನಲ್ ಬಸ್ಸಿಗೆ ಹಾಕಿದ್ದು 510, ಅದೇ ಹೆಡ್ ಇಲ್ಲದ ಜಾತಿ.

ಬಿಟಿಎಸ್ ನೆನಪು
ಬೆಂಗಳೂರಿನ ಡಬಲ್ ಡೆಕ್ಕರ್ ಯಾರಿಗೆ ನೆನಪಿದೆ? ಮೇಲಿನ ಮುಂದಿನ ಸೀಟಿಗೆ ನಾವು ಜಗಳ ಆಡುತ್ತಿದ್ದೆವು. ಮರದ ಕೊಂಬೆ ಬಂದು ಗಾಜಿಗೆ ಹೊಡೆಯುತ್ತಿತ್ತು.

ಸಿರಾ ಟೋಲ್
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರ್ತೀನಿ. ಇಲ್ಲಿ ಬೇಡ 🙂 ಯೂನಿಯನ್ ವಿಷಯ ಯಾರೂ ಮುಟ್ಟಲಿಲ್ಲವಲ್ಲ?

ಕೆಂಪು ಅಂಗಿ
ಮುಟ್ಟುತ್ತೇನೆ. ಸ್ಟ್ರೈಕ್ ಆಗುತ್ತಿದ್ದದ್ದು ನಿಜ, ಅದರಲ್ಲೂ ಕಾರು ಫ್ಯಾಕ್ಟರಿಗಳಲ್ಲಿ. ಆದರೆ ಹೆಡ್ ಇಲ್ಲದ ಎಂಜಿನ್ ಡ್ರಾಯಿಂಗ್ ಬರೆದದ್ದು ಯೂನಿಯನ್ನಾ? ಸ್ವೀಡನ್ ಅಂದರೆ ಯೂನಿಯನ್ ಬಲವಾಗಿರುವ ದೇಶ. ಹಾಗಿದ್ದರೆ ವೋಲ್ವೋ ಮೊದಲು ಮುಳುಗಬೇಕಿತ್ತು. ಬ್ಯಾತ್‌ಗೇಟ್ ಗೊತ್ತಾ? ಸ್ಕಾಟ್ಲೆಂಡಿನಲ್ಲಿ 1961ರಲ್ಲಿ ಬಿಎಂಸಿಯವರು (ಆಮೇಲೆ ಬ್ರಿಟಿಷ್ ಲೇಲ್ಯಾಂಡಿಗೆ ಸೇರಿದ ಆಸ್ಟಿನ್-ಮಾರಿಸ್ ಕಂಪನಿ) ಹಾಕಿದ ಲಾರಿ-ಟ್ರಾಕ್ಟರ್ ಫ್ಯಾಕ್ಟರಿ. ಪಾರ್ಟ್ಸ್ ಮಾಡುವವರೆಲ್ಲ ಇಂಗ್ಲೆಂಡಿನ ನಡುಭಾಗದಲ್ಲಿ, ಫ್ಯಾಕ್ಟರಿ ಮಾತ್ರ ಅಲ್ಲಿ. 1986ರಲ್ಲಿ ಮುಚ್ಚಿದರು. ಆ ಜಾಗ ಕಾರ್ಮಿಕರು ಆರಿಸಿದ್ದಲ್ಲ.

ಖಾಸಗಿ ಕಲ್ಲೇಶ
ಆರಿಸಿದ್ದು ಸರ್ಕಾರ. ಕೆಲಸ ಇಲ್ಲದ ಕಡೆ ಫ್ಯಾಕ್ಟರಿ ಹಾಕಿ ಅಂತ ಒತ್ತಡ ತಂದದ್ದು. ನನ್ನ ವಾದಕ್ಕೇ ಸಾಕ್ಷಿ ಕೊಡ್ತಾ ಇದ್ದೀರಿ, ಥ್ಯಾಂಕ್ಸ್.

ಕೆಂಪು ಅಂಗಿ
ಹಾಗಾದರೆ ಬೆಡ್‌ಫರ್ಡ್? ಅದು ಅಮೆರಿಕದ ಜನರಲ್ ಮೋಟಾರ್ಸ್ ಆಸ್ತಿ. ಅಪ್ಪಟ ಖಾಸಗಿ. ಅದರ ದೊಡ್ಡ ಲಾರಿ ಭಾಗವೂ 80ರ ದಶಕದಲ್ಲೇ ಬಾಗಿಲು ಹಾಕಿತು. ಉಳಿದ ಬ್ರಿಟಿಷ್ ಲಾರಿ ಕಂಪನಿಗಳನ್ನೂ ನೋಡಿ. ಫೋಡನ್ 1980ರಲ್ಲಿ ಅಮೆರಿಕದ ಪ್ಯಾಕಾರ್ ಪಾಲು. ಸೆಡನ್ ಅಟ್ಕಿನ್ಸನ್ ಅಮೆರಿಕ, ಸ್ಪೇನ್ ಸುತ್ತಿ ಇವೆಕೋ ಪಾಲು. ಇಆರ್‌ಎಫ್ ಕೊನೆಗೆ 2000ದಲ್ಲಿ ಜರ್ಮನಿಯ ಮ್ಯಾನ್ ಪಾಲು. ಇವರ್ಯಾರೂ ಸರ್ಕಾರಿ ಅಲ್ಲ. ಉತ್ತರ ಕೊಡಿ.

ಖಾಸಗಿ ಕಲ್ಲೇಶ
ಊಟ ಮಾಡಿ ಬರ್ತೀನಿ.

ಸುಮ್ನೆ ಓದುವವ
😂

ಟನ್ನೇಜ್ ತಿಮ್ಮಯ್ಯ
ಕೆಂಪು ಅಂಗಿಯವರ ಪ್ರಶ್ನೆಗೆ ನನ್ನ ಹತ್ತಿರ ಒಂದು ಉತ್ತರ ಇದೆ. ಇಡೀ ಉದ್ಯಮ ಒಟ್ಟಿಗೆ ಬಿತ್ತು ಅಂದರೆ ಕಾರಣ ಒಂದು ಕಂಪನಿಯ ಒಳಗಿಲ್ಲ, ನೆಲದಲ್ಲೇ ಇದೆ.

ತೂಕದ ಕಾನೂನು ನೋಡಿ. ಬ್ರಿಟನ್‌ನಲ್ಲಿ 1964ರಿಂದ ಮಿತಿ 32 ಟನ್. 1983ರಲ್ಲಿ 38ಕ್ಕೆ ಏರಿಸಿದರು. ಅಷ್ಟೂ ವರ್ಷ ಯುರೋಪಿನ ಉಳಿದ ಕಡೆ ಅದಕ್ಕಿಂತ ಜಾಸ್ತಿ ಹೊರುತ್ತಿದ್ದರು, ಸ್ವೀಡನ್‌ನಲ್ಲಂತೂ ಬಹಳ ಜಾಸ್ತಿ. ಹಿಮ, ಗುಡ್ಡ, ಮರದ ದಿಮ್ಮಿ ಲೋಡು. ಹಾಗಾಗಿ ಅವರಿಗೆ ದೊಡ್ಡ ಎಂಜಿನ್, ಗಟ್ಟಿ ಗೇರ್‌ಬಾಕ್ಸ್ ಮನೆ ಬಳಕೆಗೇ ಬೇಕಿತ್ತು. ಅದೇ ಗಾಡಿ ಇಂಗ್ಲೆಂಡಿಗೆ ತಂದರೆ 32 ಟನ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಬ್ರಿಟಿಷ್ ಲಾರಿ 32 ಟನ್‌ಗೆ ಅಳೆದು ಹೊಲಿದದ್ದು. ಅದನ್ನು ಯುರೋಪಿಗೆ ಒಯ್ದರೆ ಉಸಿರು ಕಟ್ಟುತ್ತಿತ್ತು.

ತಮಾಷೆ ಅಂದರೆ ಬ್ರಿಟನ್‌ನ ಮೊದಲ ಮೋಟಾರ್‌ವೇ ಆದದ್ದು 1958ರಲ್ಲಿ, ಲೇಲ್ಯಾಂಡ್ ಊರಿನ ಪಕ್ಕದ ಪ್ರೆಸ್ಟನ್ ಬೈಪಾಸ್. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಎಂಜಿನ್ ದುಡಿಯುವ ಕಾಲ ಇವರ ಫ್ಯಾಕ್ಟರಿ ಹಿತ್ತಿಲಲ್ಲೇ ಶುರುವಾಗಿತ್ತು.

ಮತ್ತೊಂದು ಮಾತು. ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ನೈಜೀರಿಯಾ, ಇಲ್ಲೆಲ್ಲ ಹಳೆಯ ಸಾಮ್ರಾಜ್ಯದ ನೆಂಟಸ್ತನದಿಂದ ಲೇಲ್ಯಾಂಡ್ ಸಲೀಸಾಗಿ ಮಾರಾಟವಾಗುತ್ತಿತ್ತು. ಯುರೋಪಿನಲ್ಲಿ ಗುದ್ದಾಡುವ ಅಗತ್ಯ ಬೀಳಲಿಲ್ಲ. 1973ರ ಜನವರಿಯಲ್ಲಿ ಬ್ರಿಟನ್ ಯುರೋಪಿನ ಒಕ್ಕೂಟಕ್ಕೆ ಸೇರಿದಾಗ ಬಾಗಿಲು ಎರಡೂ ಕಡೆ ತೆರೆಯಿತು. ಒಳಗೆ ಬರುವವರು ಸಿದ್ಧವಾಗಿದ್ದರು, ಹೊರಗೆ ಹೋಗುವವರು ಸಿದ್ಧವಾಗಿರಲಿಲ್ಲ.

ಡಿಪೋ ರಾಯರು
ತಿಮ್ಮಯ್ಯನವರ ಮಾತು ಒಪ್ಪಿದೆ. ಆದರೆ ಡಾಫ್ ಹೇಗೆ ಬೆಳೆಯಿತು ಅಂತ ಹೇಳಲೇಬೇಕು, ಇದು ಹೊಟ್ಟೆ ಉರಿಯುವ ಕಥೆ. ಹಾಲೆಂಡ್‌ನ ಡಾಫ್ ಹತ್ತಿರ ದೊಡ್ಡ ಎಂಜಿನ್ ಇರಲಿಲ್ಲ. 50ರ ದಶಕದಲ್ಲಿ ಲೇಲ್ಯಾಂಡ್ ಎಂಜಿನ್ನೇ ಕೊಂಡು ಹಾಕುತ್ತಿದ್ದರು. ಆಮೇಲೆ ಲೈಸೆನ್ಸ್ ತಗೊಂಡು ತಾವೇ ಮಾಡಿದರು. ಅದೇ 680ಯನ್ನು ಬಿಚ್ಚಿ, ತಿದ್ದಿ, ಬಲಪಡಿಸಿ 11.6 ಲೀಟರ್ ಮಾಡಿ, ಟರ್ಬೋ ಹಾಕಿ, 1973ರಲ್ಲಿ ಟರ್ಬೋದಿಂದ ಬಿಸಿಯಾದ ಗಾಳಿ ತಣಿಸುವ ಇಂಟರ್‌ಕೂಲರ್ ಕೂಡ ಹಾಕಿದರು. ಲಾರಿ ಎಂಜಿನ್‌ಗೆ ಇಂಟರ್‌ಕೂಲರ್ ಹಾಕಿದವರಲ್ಲಿ ಅವರೇ ಮೊದಲು. ಅದು 2800 ಲಾರಿ. ಲೇಲ್ಯಾಂಡ್‌ನವರು ಟರ್ಬೈನ್, ಹೆಡ್ ಇಲ್ಲದ ಎಂಜಿನ್ ಅಂತ ಅಲೆಯುತ್ತಿದ್ದಾಗ, ಡಚ್ಚರು ಲೇಲ್ಯಾಂಡಿನದೇ ಹಳೆ ಎಂಜಿನ್ ಉಜ್ಜಿ ಹೊಳಪು ಮಾಡಿದರು. 1987ರಲ್ಲಿ ಬಂದು ಕಂಪನಿಯನ್ನೇ ತಗೊಂಡರು. ಹೊಸ ಕಂಪನಿಯಲ್ಲಿ ಡಾಫ್ ಪಾಲು ಶೇಕಡಾ 60, ರೋವರ್ ಗುಂಪಿನ (ಬ್ರಿಟಿಷ್ ಲೇಲ್ಯಾಂಡಿನ ಹೊಸ ಹೆಸರು) ಪಾಲು ಶೇಕಡಾ 40.

ಎತ್ತಿನಗಾಡಿ 2.0
ಲೇಲ್ಯಾಂಡ್ ಕೊಂಡಿದ್ದು ವೋಲ್ವೋ ಅಲ್ವಾ? 1988ರಲ್ಲಿ?

ಪ್ರೆಸ್ಟನ್ ಪಡಸಾಲೆ
ವೋಲ್ವೋ ಕೊಂಡಿದ್ದು ಬಸ್ಸಿನ ಭಾಗ. ಲಾರಿ ಬೇರೆ, ಬಸ್ಸು ಬೇರೆ ಮಾಡಿ ಮಾರಿದರು. ವರ್ಕಿಂಗ್ಟನ್ ಬಸ್ ಫ್ಯಾಕ್ಟರಿಯನ್ನೂ ಕೆಲವೇ ವರ್ಷಗಳಲ್ಲಿ ಮುಚ್ಚಿದರು. ಅದಕ್ಕೂ ಮೊದಲು 1986ರಲ್ಲಿ ಜನರಲ್ ಮೋಟಾರ್ಸ್ ಲೇಲ್ಯಾಂಡ್ ಲಾರಿ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಕೊಳ್ಳಲು ಬಂದಿತ್ತು. ಲ್ಯಾಂಡ್ ರೋವರ್ ಅಮೆರಿಕದವರಿಗೆ ಹೋಗಬಾರದು ಅಂತ ಗಲಾಟೆ ಎದ್ದು ಮಾತು ಮುರಿಯಿತು. ಲಾರಿಯ ಬಗ್ಗೆ ಅತ್ತವರು ಕಡಿಮೆ.

ಎತ್ತಿನಗಾಡಿ 2.0
ಅಂದ್ರೆ ಕಾರಿನಿಂದ ಮತ್ತೊಮ್ಮೆ ಏಟು.

ಚಳ್ಳಕೆರೆ ಚಾಸಿ
1980ರಲ್ಲಿ ಬಂದ ಆ ಹೊಸ ಲಾರಿ ಹೇಗಿತ್ತು? ಅದು ಚೆನ್ನಾಗಿದ್ದರೆ ತಿರುಗಿ ಏಳಬಹುದಿತ್ತಲ್ಲ.

ಪ್ರೆಸ್ಟನ್ ಪಡಸಾಲೆ
ಟಿ45 ರೋಡ್‌ಟ್ರೇನ್. ಗಾಡಿ ನಿಜವಾಗಿಯೂ ಚೆನ್ನಾಗಿತ್ತು. 1981ರ ವರ್ಷದ ಲಾರಿ ಪ್ರಶಸ್ತಿ ಯುರೋಪಿನ ಪತ್ರಕರ್ತರೇ ಕೊಟ್ಟರು. ಅದಕ್ಕೆ ಮುಂಚೆ 1973ರಲ್ಲಿ ಮ್ಯಾರಥಾನ್ ಅಂತ ಒಂದು ತಂದಿದ್ದರು. ಅದು ದುಡ್ಡಿಲ್ಲದ ಕಾಲದ ಕೂಸು. 1964ರ ಎರ್ಗೋಮ್ಯಾಟಿಕ್ ಕ್ಯಾಬಿನ್ನನ್ನೇ ಎತ್ತರಿಸಿ, ತೇಪೆ ಹಚ್ಚಿ ನಿಲ್ಲಿಸಿದ್ದು. ಟಿ45 ಹಾಗಲ್ಲ, ಪೂರ್ತಿ ಹೊಸದು. ಲೇಲ್ಯಾಂಡ್‌ನಲ್ಲಿ ಹೊಸ ಅಸೆಂಬ್ಲಿ ಫ್ಯಾಕ್ಟರಿಯನ್ನೂ ಅದೇ ವರ್ಷ ಶುರು ಮಾಡಿದರು.

ಆದರೆ ಕಾಲ ನೋಡಿ. 1980-81ರಲ್ಲಿ ಬ್ರಿಟನ್‌ನಲ್ಲಿ ಭಾರೀ ಆರ್ಥಿಕ ಹಿಂಜರಿತ, ಲಾರಿ ಕೊಳ್ಳುವವರೇ ಇಲ್ಲ. ಎಣ್ಣೆ ಬೆಲೆ ಇಳಿದು ನೈಜೀರಿಯಾ ಕೂಡ ಕೈಕೊಟ್ಟಿತು. ಹೊಸ ಫ್ಯಾಕ್ಟರಿ ಅರ್ಧ ಹೊಟ್ಟೆಯಲ್ಲಿ ನಡೆಯಿತು. ಒಂದೊಂದೇ ಹಳೆ ಹೆಸರು ಮುಚ್ಚಿದರು. ಎಇಸಿಯ ಸೌತಾಲ್ ಫ್ಯಾಕ್ಟರಿ 1979ರಲ್ಲೇ ಹೋಗಿತ್ತು, ಗೈ ಅನ್ನುವ ಲಾರಿ ಕಂಪನಿ 1982, ಸ್ಕ್ಯಾಮೆಲ್ 1988. ಈ ಕೆಲಸ 1968ರಲ್ಲೇ ಮಾಡಬೇಕಿತ್ತು. ಒಂದೇ ಮನೆಯಲ್ಲಿ ನಾಲ್ಕೈದು ಬ್ರ್ಯಾಂಡ್, ಒಬ್ಬೊಬ್ಬರದು ಒಂದೊಂದು ಎಂಜಿನ್, ಒಬ್ಬರ ಗಿರಾಕಿಯನ್ನು ಒಬ್ಬರು ಎಳೆಯುವುದು. ಸ್ಟೋಕ್ಸ್ ಒಳ್ಳೆಯ ಮಾರಾಟಗಾರ. ಕ್ಯೂಬಾಕ್ಕೆ ಬಸ್ ಮಾರಿ ಅಮೆರಿಕವನ್ನೇ ಸಿಟ್ಟಿಗೆಬ್ಬಿಸಿದವರು. ಆದರೆ ಮನೆ ಒಳಗೆ ಕಸ ಗುಡಿಸುವ ಕೆಲಸ ಅವರಿಗೆ ಬರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮಲೆನಾಡ ಮಾಣಿ
ಹಾಗಾದರೆ ಈಗ ಲೇಲ್ಯಾಂಡ್ ಊರಲ್ಲಿ ಏನಿದೆ?

ಪ್ರೆಸ್ಟನ್ ಪಡಸಾಲೆ
ಫ್ಯಾಕ್ಟರಿ ಇದೆ, ಚೆನ್ನಾಗಿಯೇ ನಡೆಯುತ್ತಿದೆ. 1993ರಲ್ಲಿ ಡಾಫ್ ದಿವಾಳಿ ಆದಾಗ ಇಲ್ಲಿನ ಮ್ಯಾನೇಜರ್‌ಗಳೇ ಸೇರಿ ಲಾರಿ ಫ್ಯಾಕ್ಟರಿ ಕೊಂಡರು. 1998ರಲ್ಲಿ ಪ್ಯಾಕಾರ್ ಕೊಂಡಿತು. ಅದು ಡಾಫ್‌ನ್ನು 1996ರಲ್ಲೇ ಕೊಂಡಿತ್ತು. ಈಗ ತಯಾರಾಗುವ ಲಾರಿಗಳ ಮೇಲೆ ಇರುವುದು ಡಾಫ್ ಹೆಸರು. ಬ್ರಿಟನ್ ಮಾರುಕಟ್ಟೆಯಲ್ಲಿ ದಶಕಗಳಿಂದ ಡಾಫ್ ಮುಂದೆ ಇದೆ. ಅದರಲ್ಲಿ ಇಲ್ಲಿನ ಕೈಗಳ ಕೆಲಸ ಎಷ್ಟಿದೆ ಅಂತ ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಊರೊಳಗೆ ಹಳೆ ಲಾರಿ ಮ್ಯೂಸಿಯಂ ಇದೆ. 1982ರಲ್ಲಿ ಪೋಪ್ ಬ್ರಿಟನ್‌ಗೆ ಬಂದಾಗ ಲೇಲ್ಯಾಂಡ್ ಕಟ್ಟಿದ ಗಾಡಿಯೂ ಅಲ್ಲಿದೆ. ಮಕ್ಕಳಿದ್ದರೆ ಕರೆದುಕೊಂಡು ಬನ್ನಿ.

ಖಾಸಗಿ ಕಲ್ಲೇಶ
ಊಟ ಆಯಿತು. ಬೆಡ್‌ಫರ್ಡ್ ಬಗ್ಗೆ ಯೋಚನೆ ಮಾಡಿದೆ. ಸೈನ್ಯದ ಆರ್ಡರ್ ಕೈತಪ್ಪಿದ್ದರಿಂದ ಅದಕ್ಕೆ ಏಟು ಬಿತ್ತು. ಅಂದರೆ ಅದೂ ಸರ್ಕಾರವನ್ನೇ ನಂಬಿ ಕೂತಿತ್ತು.

ಕೆಂಪು ಅಂಗಿ
ಕಲ್ಲೇಶ್, ನೀವು ಮಳೆ ಬಾರದಿದ್ದರೂ ಸರ್ಕಾರದ ಮೇಲೇ ಹಾಕ್ತೀರಿ. ಫ್ರಾನ್ಸಿನ ರೆನೋ ಆಗ ಸರ್ಕಾರದ್ದೇ. ಅದರ ಲಾರಿ ಮುಳುಗಿತಾ?

ಖಾಸಗಿ ಕಲ್ಲೇಶ
ಅದನ್ನೂ ಕೊನೆಗೆ 2001ರಲ್ಲಿ ವೋಲ್ವೋನೇ ತಗೊಂಡಿತು. ಹುಡುಕಿ ನೋಡಿ.

ಟನ್ನೇಜ್ ತಿಮ್ಮಯ್ಯ
ಜಗಳ ಬಿಡಿ. ನನ್ನ ತಲೆಯಲ್ಲಿರುವ ಪ್ರಶ್ನೆ ಬೇರೆ. ಅದೇ ವೋಲ್ವೋ 1998ರಲ್ಲಿ ನಮ್ಮ ಹೊಸಕೋಟೆಗೆ ಬಂತು. ಬಸ್ಸಿನಲ್ಲಿ ಗೆದ್ದಿತು, ಕೆಎಸ್ಆರ್‌ಟಿಸಿಯ ಐರಾವತ ಎಲ್ಲರಿಗೂ ಗೊತ್ತು. ಲಾರಿಯಲ್ಲಿ ಗಣಿ, ಭಾರೀ ಯಂತ್ರ ಸಾಗಿಸುವ ಕೆಲಸ ಬಿಟ್ಟರೆ ಟಾಟಾ, ಲೇಲ್ಯಾಂಡ್‌ನ್ನು ಅಲುಗಾಡಿಸಲಿಲ್ಲ. ಮ್ಯಾನ್ 2018ರಲ್ಲಿ ಇಲ್ಲಿಂದ ಜಾಗ ಖಾಲಿ ಮಾಡಿತು. ಇಂಗ್ಲೆಂಡಿನಲ್ಲಿ ಆದದ್ದು ಇಲ್ಲಿ ಯಾಕೆ ಆಗಲಿಲ್ಲ?

ಚಳ್ಳಕೆರೆ ಚಾಸಿ
ಬೆಲೆ ತಿಮ್ಮಯ್ಯನವರೇ, ಬೆಲೆ. ಒಂದು ವೋಲ್ವೋ ದುಡ್ಡಿಗೆ ನಮ್ಮವು ಎರಡು ಮೂರು ಬರುತ್ತವೆ. ಬಾಡಿಗೆ ಮಾತ್ರ ಟನ್ ಲೆಕ್ಕ, ಗಾಡಿ ಯಾವುದಾದರೂ ಒಂದೇ. ಟೋಲ್, ಚೆಕ್‌ಪೋಸ್ಟ್‌ನಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾದರೆ ವೇಗದ ಗಾಡಿ ತಗೊಂಡು ಏನು ಮಾಡಲಿ? ಜೊತೆಗೆ ಯಾವ ಹಳ್ಳಿಯಲ್ಲಿ ಕೆಟ್ಟರೂ ನಮ್ಮ ಗಾಡಿಗೆ ಮೆಕ್ಯಾನಿಕ್ ಸಿಗುತ್ತಾನೆ. ಈಗ ರಸ್ತೆ ಸುಧಾರಿಸಿದೆ, ಜಿಎಸ್‌ಟಿ ಬಂದ ಮೇಲೆ ಗಡಿಯಲ್ಲಿ ನಿಲ್ಲುವುದು ಕಡಿಮೆ. ಮುಂದೆ ಲೆಕ್ಕ ಬದಲಾಗಬಹುದು.

ಡಿಪೋ ರಾಯರು
ನಮ್ಮ ಲೇಲ್ಯಾಂಡ್ ಸುಮ್ಮನೆ ಕೂರಲಿಲ್ಲ ಅನ್ನುವುದನ್ನೂ ಹೇಳಿ. 1987ರಲ್ಲಿ ಹಿಂದೂಜಾದವರು ಇವೆಕೋ ಜೊತೆ ಸೇರಿ ಇಂಗ್ಲೆಂಡಿನವರ ಪಾಲು ಕೊಂಡರು. ತಾಯಿ ಡಾಫ್ ಮನೆಗೆ ಹೋದ ವರ್ಷವೇ ಮಗಳೂ ಬೇರೆ ಮನೆಗೆ! ಎಂಜಿನ್‌ಗೆ ಜಪಾನಿನ ಹಿನೋ, ಗೇರ್‌ಬಾಕ್ಸ್‌ಗೆ ಜರ್ಮನಿಯ ಝಡ್‌ಎಫ್, ಕಾರ್ಗೋ ಲಾರಿಗೆ ಇವೆಕೋ ಕ್ಯಾಬಿನ್. ಎಲ್ಲಿ ಒಳ್ಳೆಯದಿದೆಯೋ ಅಲ್ಲಿಂದ ತಂದರು. ತಾವೇ ಎಲ್ಲ ಕಂಡುಹಿಡಿಯುತ್ತೇವೆ ಅಂತ ಹಟ ಹಿಡಿಯಲಿಲ್ಲ.

ಬಿಟಿಎಸ್ ನೆನಪು
ಬಸ್ಸಿನವನಾಗಿ ಒಂದು ಸೇರಿಸುತ್ತೇನೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಲೇಲ್ಯಾಂಡ್‌ನವರು ಮುಚ್ಚಿದ ಒಂದು ಬಸ್ ಬಾಡಿ ಫ್ಯಾಕ್ಟರಿಯಲ್ಲಿ 1985ರಲ್ಲಿ ಆಪ್ಟೇರ್ ಅನ್ನುವ ಕಂಪನಿ ಹುಟ್ಟಿತು. 2010ರಲ್ಲಿ ಅದರಲ್ಲಿ ಪಾಲು ತಗೊಂಡು, ಎರಡು ವರ್ಷದಲ್ಲಿ ಯಜಮಾನಿಕೆ ಹಿಡಿದವರು ಅಶೋಕ್ ಲೇಲ್ಯಾಂಡ್. ಈಗಿನ ಸ್ವಿಚ್ ಎಲೆಕ್ಟ್ರಿಕ್ ಬಸ್ಸಿನ ಮೂಲ ಅದೇ.

ಸಿರಾ ಟೋಲ್
ಇದು ಗೊತ್ತಿರಲಿಲ್ಲ! ಸ್ವಿಚ್‌ನವರು ಡಬಲ್ ಡೆಕ್ಕರ್ ಎಲೆಕ್ಟ್ರಿಕ್ ಬಸ್ ಕೂಡ ಮಾಡ್ತಾರೆ, ಮುಂಬೈಯಲ್ಲಿ ಓಡುತ್ತಿದೆ.

ಬಿಟಿಎಸ್ ನೆನಪು
ನೀವೇ ಡಬಲ್ ಡೆಕ್ಕರ್ ತಂದಿರಿ. ಈಗ ನನ್ನನ್ನು ಬೈಯಬೇಡಿ. ಬೇರೆ ಚರ್ಚೆ ಶುರು ಮಾಡಿದ್ದೇನೆ, ಹಳೆ ಫೋಟೋ ಇರುವವರು ಅಲ್ಲಿ ಹಾಕಿ.